ಕಡೇ ಪುಟದವರ ಪರವಾಗಿ

ನಮ್ಮ ಭಾನುವಾರ ರಾತ್ರಿ ಎಂಟೂವರೆಗೆ ಜಪಾನಿನಲ್ಲಿ ಸೋಮವಾರ ಹುಟ್ಟುತ್ತದೆ. ಈ ಭೂಗೋಳಜ್ಞಾನ ನನಗೆ ಶಾಲೆಯಲ್ಲಿ ದಕ್ಕಿದ್ದಲ್ಲ, ಕಾಮಿಕ್ಸ್ ಚಟದಿಂದ ಬಂದದ್ದು. ಟೋಕಿಯೊದ ಕಾಮಿಕ್ಸ್ ವಾರಪತ್ರಿಕೆ 'ವೀಕ್ಲಿ ಶೋನೆನ್ ಜಂಪ್' ಅಲ್ಲಿ ಅಂಗಡಿಗೆ ಬರುವ ಹೊತ್ತಿಗೇ ಅದರ ಹೊಸ ಕಂತುಗಳು ಇಂಗ್ಲಿಷ್ ಮಾತಾಡುತ್ತಾ ನನ್ನ ಟ್ಯಾಬ್‌ಗೂ ಇಳಿಯುತ್ತವೆ. ನಮ್ಮ ಮನೆಯಲ್ಲಿ ಅದು ಸಾರು ಬಿಸಿ ಮಾಡುವ ಸಮಯ. ನಲವತ್ತೈದು ದಾಟಿದ ಗಂಡಸು ತಟ್ಟೆಯ ಪಕ್ಕ ಟ್ಯಾಬ್ ಒರಗಿಸಿಕೊಂಡು ಹುಬ್ಬು ಗಂಟಿಕ್ಕಿ ಕೂತರೆ ನೋಡಿದವರು ಷೇರು ಮಾರುಕಟ್ಟೆ ಇರಬೇಕು ಅಂದುಕೊಳ್ಳುತ್ತಾರೆ. ಭಾನುವಾರ ಷೇರು ಮಾರುಕಟ್ಟೆಗೆ ರಜೆ ಎಂಬುದು ಇನ್ನೂ ಯಾರಿಗೂ ಹೊಳೆದಿಲ್ಲ. ಹೊಳೆಯದಿರಲಿ.

ಟ್ಯಾಬ್‌ಗೆ ಇಳಿಯುವ ಈ ಇಂಗ್ಲಿಷ್ ಸೇವೆಯ ಚಂದಾ ಹಣ ಹೇಳಿದರೆ ನಗು ಬರುತ್ತದೆ. 2018ರ ಡಿಸೆಂಬರಿನಲ್ಲಿ ಶುರುವಾದಾಗ ಅಮೆರಿಕದವರಿಗೆ ತಿಂಗಳಿಗೆ ಎರಡು ಡಾಲರಿಗೆ ಒಂದು ಸೆಂಟ್ ಕಡಿಮೆ. ಮೊದಲ ದಿನದಿಂದಲೇ ಈ ಸವಲತ್ತು ಸಿಕ್ಕ ಕೆಲವೇ ದೇಶಗಳಲ್ಲಿ ನಮ್ಮದೂ ಒಂದು. ಹೊಸ ಕಂತುಗಳ ಜೊತೆಗೆ ಹಳೆಯ ಉಗ್ರಾಣವೂ ಪೂರ್ತಿ ತೆರೆದಿದೆ, ಸಾವಿರ ಸಾವಿರ ಅಧ್ಯಾಯಗಳು. ಒಂದೇ ಕಟ್ಟಳೆ, ದಿನಕ್ಕೆ ನೂರು ಅಧ್ಯಾಯಕ್ಕಿಂತ ಹೆಚ್ಚು ಓದುವಂತಿಲ್ಲ. ಕೋಡುಬಳೆ ಡಬ್ಬಿಯನ್ನು ಅಟ್ಟದ ಮೇಲೆ ಬಚ್ಚಿಡುತ್ತಿದ್ದ ಅಜ್ಜಿಯ ಹಾಗೆ ಯಾರೋ ನನ್ನ ಹೊಟ್ಟೆಬಾಕತನವನ್ನು ಮೊದಲೇ ಊಹಿಸಿದ್ದಾರೆ. 1997ರಲ್ಲಿ ಆರಂಭವಾಗಿ ಇನ್ನೂ ಸಾಗುತ್ತಲೇ ಇರುವ 'ಒನ್ ಪೀಸ್' ಸಾವಿರದ ನೂರು ಅಧ್ಯಾಯ ದಾಟಿದೆ. ದಿನದ ಪಡಿತರವನ್ನು ಪೂರ್ತಿ ಬಳಸಿದರೂ ಓದಿ ಮುಗಿಸಲು ಹನ್ನೊಂದು ದಿನ ಸಾಲದು. ನನಗಾದರೋ ಹತ್ತನೆಯ ಅಧ್ಯಾಯಕ್ಕೇ ಕಣ್ಣು ಎಳೆಯುತ್ತದೆ.

ಚಿಕ್ಕಂದಿನಲ್ಲಿ, ಹಸಿವಿದ್ದಾಗ, ಮಿತಿಯನ್ನು ಬೇರೆ ಯಾರೂ ಹಾಕಬೇಕಿರಲಿಲ್ಲ, ಜೇಬೇ ಹಾಕುತ್ತಿತ್ತು. ಇಂದ್ರಜಾಲ ಕಾಮಿಕ್ಸ್ ಬಾಡಿಗೆ ಲೈಬ್ರರಿಯಿಂದ ಒಂದು ದಿನಕ್ಕೆ ಬರುತ್ತಿತ್ತು. ಬಾಲಮಂಗಳ ಕೈಗೆ ಬಂದರೆ ಮೊದಲು ಡಿಂಗ, ಟಿಂಕಲ್ ಬಂದರೆ ಮೊದಲು ಸುಪ್ಪಂದಿ, ಆಮೇಲೆ ಶಿಕಾರಿ ಶಂಭು. ಅದಾದ ಮೇಲೂ ಸಂಜೆ ಇನ್ನೂ ಉಳಿದಿರುತ್ತಿತ್ತಲ್ಲ? ಆಗ ಬೇಡದವರ ಸರದಿ. ನೀತಿಕಥೆ, ವಿಜ್ಞಾನದ ಪುಟ, ನನಗಿಂತ ಮೊದಲು ಓದಿದ ಯಾವನೋ ಪುಣ್ಯಾತ್ಮ ಪೆನ್ಸಿಲಿನಲ್ಲಿ ಉತ್ತರ ತುಂಬಿಟ್ಟ ಪದಬಂಧ, ಬಿಸ್ಕತ್ತಿನ ಜಾಹೀರಾತು. ನಾಲ್ಕನೆಯ ಸಲ ತಿರುವಿಹಾಕುವಾಗ ಆ ಪೆದ್ದು ನೀತಿಕಥೆಯ ನರಿಯೂ ಯಾಕೋ ಹಿಡಿಸಿಬಿಡುತ್ತಿತ್ತು. ಅಗ್ಗದ ಕಥಾಗುಚ್ಛದ ಗುಟ್ಟು ಇದೇ ಎಂದು ನನ್ನ ನಂಬಿಕೆ. ಬೇಕಾದ ಒಂದು ಕಥೆಗಾಗಿ ಬೇಡದ ಎಂಟಕ್ಕೂ ದುಡ್ಡು ಕೊಡಬೇಕು. ಕೊಟ್ಟ ದುಡ್ಡಿನ ಸಂಕಟಕ್ಕೆ ಅವನ್ನೂ ಓದಬೇಕು. ನನ್ನ ಅಭಿರುಚಿ ಅಂತ ಏನಾದರೂ ಇದ್ದರೆ ಅದು ಬೆಳೆದದ್ದು ಈ ಜಿಪುಣತನದಲ್ಲಿ.

1968ರಲ್ಲಿ ಹುಟ್ಟಿದ ಜಂಪ್ ಕೂಡ ಅದೇ ಕುಲದ್ದು. ಒರಟು ಕಾಗದ, ಇಟ್ಟಿಗೆ ಗಾತ್ರ, ಒಳಗೆ ಇಪ್ಪತ್ತರ ಆಸುಪಾಸು ಧಾರಾವಾಹಿಗಳು. 'ಡ್ರ್ಯಾಗನ್ ಬಾಲ್' ಕಾಲದಲ್ಲಿ, 1990ರ ದಶಕದ ನಡುವೆ, ಇದರ ಪ್ರಸಾರ 65 ಲಕ್ಷ ದಾಟಿತ್ತು. ರೈಲಿನಲ್ಲಿ ಓದಿ ಅಲ್ಲೇ ಬಿಟ್ಟು ಇಳಿಯುವವರ ಪತ್ರಿಕೆ ಅದು. ಆದರೆ ಒಳಗಿನ ರಾಜ್ಯಭಾರ ಬಲು ಕಟುಕ. ಸಂಚಿಕೆಯ ಜೊತೆ ಒಂದು ಕಾರ್ಡು ಬರುತ್ತದೆ, ಹಿಡಿಸಿದ ಮೂರು ಕಥೆಗಳನ್ನು ಅದರಲ್ಲಿ ಗುರುತಿಸಿ ಕಳಿಸಬೇಕು. ಮೂರರೊಳಗೆ ಬಾರದೆ ಸೊರಗಿದ ಕಥೆ ವಾರದಿಂದ ವಾರಕ್ಕೆ ಹಿಂದಿನ ಪುಟಗಳಿಗೆ ಜಾರುತ್ತದೆ. ಹೊಸದಾಗಿ ಬಂದಾಗ ಅದಕ್ಕೂ ಮದುಮಗನ ಮರ್ಯಾದೆ ಇತ್ತು: ಮುಂದಿನ ಜಾಗ, ಬಣ್ಣದ ಪುಟ, ಮಾಮೂಲಿಗಿಂತ ಉದ್ದದ ಕಂತು. ಇಪ್ಪತ್ತು ವಾರದೊಳಗೆ ಕಥೆ ಮುಗಿಯಿತು ಎಂದರೆ ಮುಗಿಸಿದರು ಎಂದೇ ಅರ್ಥ.

ಹೀಗೆ ಜಾರುತ್ತಿರುವವರ ಮೇಲೆ ನನಗೊಂದು ವಿಚಿತ್ರ ಮೋಹ ಹತ್ತಿದೆ. ಒನ್ ಪೀಸ್ ದೊಡ್ಡ ಕೃತಿ, ತಕರಾರಿಲ್ಲ. ಆದರೆ ಅದನ್ನು ಓದಲು ಜಗತ್ತೇ ಇದೆ, ನಾನೊಬ್ಬ ಯಾಕೆ? ಯಾರೂ ಕಾಣದ ಆಟವೊಂದರ ಮೇಲೆ ಪ್ರಾಣ ಇಟ್ಟುಕೊಂಡ ಹುಡುಗ, ಎರಡನೆಯ ಕಂತಿನಲ್ಲೇ ಹಿನ್ನೆಲೆ ಚಿತ್ರಗಳು ತೆಳುವಾಗತೊಡಗಿದ ಮಾಟಗಾತಿ, ನಗಿಸಲು ಹೋಗಿ ತಾನೇ ಬೆವರುವ ಹಾಸ್ಯಗಾರ, ಇವರೆಲ್ಲ ನನ್ನವರು. ಕಾಗದದ ಸಂಚಿಕೆಯಲ್ಲಾದರೆ ಪುಟ ಮಗುಚುವಾಗ ಆ ಮಾಟಗಾತಿ ಯಾರ ಹೆಬ್ಬೆರಳಿಗಾದರೂ ಸಿಕ್ಕಾಳು. ಟ್ಯಾಬ್‌ನಲ್ಲಿ ಆ ಅವಕಾಶವೂ ಇಲ್ಲ. ಸಾಲಾಗಿ ಮುಖಪುಟಗಳು ಕೂತಿರುತ್ತವೆ. ಮುಟ್ಟಿದರೆ ಉಂಟು, ಮುಟ್ಟದಿದ್ದರೆ ಇಲ್ಲ.

ಈ ಚಟ ಹತ್ತಿಸಿದ ಮಗಳಿಗೆ ನನ್ನ ಈ ಧರ್ಮಕಾರ್ಯ ಅರ್ಥವಾಗುವುದಿಲ್ಲ. ಅವಳು ಮೂರೇ ಕಥೆ ಓದಿ ಏಳುತ್ತಾಳೆ. ಮೊದಮೊದಲು ನನ್ನ ಬೆರಳು ರೂಢಿಯಂತೆ ಎಡದಿಂದ ಓಡಿ, ಏಟು ತಿಂದವನು ಮೊದಲು ಬಿದ್ದು ಏಟು ಆಮೇಲೆ ಬೀಳುತ್ತಿದ್ದಾಗ, "ಅಪ್ಪಾ, ಬಲಗಡೆಯಿಂದ ಕಣಪ್ಪಾ" ಎಂದು ತಿದ್ದಿದವಳೂ ಅವಳೇ. ಈಗ ಬೇರೆ ಉಪದೇಶ.

"ಅದು ಇನ್ನು ನಾಲ್ಕು ವಾರ ಅಷ್ಟೇ. ಸುಮ್ನೆ ಯಾಕೆ ಓದ್ತೀಯಾ?"

"ನಾನೂ ಬಿಟ್ರೆ ಪಾಪ ಅಲ್ವೇನೆ?"

"ನಿನ್ ಓಟು ಅಲ್ಲಿ ಲೆಕ್ಕಕ್ಕೇ ಇಲ್ಲ."

ನಿಜ. ಆ ಕಾರ್ಡು ಜಪಾನಿನ ಸಂಚಿಕೆಯಲ್ಲಿದೆ, ನನ್ನ ಟ್ಯಾಬ್‌ನಲ್ಲಿಲ್ಲ. ಮತದಾರರ ಪಟ್ಟಿಯಲ್ಲಿ ಹೆಸರಿಲ್ಲದವನು ಠೇವಣಿ ಕಳೆದುಕೊಳ್ಳುವ ಅಭ್ಯರ್ಥಿಗಳ ಪರ ಊಟ ಆರಿಸಿಕೊಂಡು ಪ್ರಚಾರಕ್ಕೆ ಕೂತಿದ್ದಾನೆ.

ಈ ಸೋಲುವ ಕಥೆಗಳು ಮುಗಿಯುವ ರೀತಿಯೇ ಒಂದು ಚೆಂದ. ಚಿತ್ರಕಾರನ ಹತ್ತಿರ ಹತ್ತು ವರ್ಷದ ಹಂಚಿಕೆ ಇರುತ್ತದೆ, ಕೈಯಲ್ಲಿ ಉಳಿದಿರುವುದು ಇಪ್ಪತ್ತು ಪುಟ. ಹಾಗಾಗಿ ಕಡೆಯ ಕಂತಿನಲ್ಲಿ ಕಳೆದುಹೋದ ಅಪ್ಪ ಧಡಕ್ಕನೆ ಸಿಗುತ್ತಾನೆ, ಖಳನಾಯಕ ಎರಡು ಚೌಕದಲ್ಲಿ ಮಣ್ಣು ಮುಕ್ಕುತ್ತಾನೆ, ಅವನಿಗಿಂತ ದೊಡ್ಡ ಏಳು ಖಳರು ಬೆಟ್ಟದ ಆಚೆ ಇದ್ದಾರೆಂದು ಯಾರೋ ಒದರುತ್ತಾರೆ. ನಾಯಕ, ಗೆಳೆಯರು, ಒಂದೇ ಕಂತಿನ ಹಿಂದೆ ಪರಿಚಯವಾದ ನಾಯಿಮರಿ ಎಲ್ಲ ಸೇರಿ ಅಡ್ಡಗಲದ ಪುಟದಲ್ಲಿ ಹಾರಿ ನೆಗೆಯುತ್ತಾರೆ, ನಮ್ಮ ಕಾಳಗ ಶುರುವಾಗುವುದೇ ಇನ್ನು ಮೇಲೆ ಎಂದು ಕೂಗುತ್ತಾ. ಜಪಾನಿನ ಓದುಗರು ಇದನ್ನೇ ಒಂದು ಜೋಕು ಮಾಡಿಕೊಂಡಿದ್ದಾರಂತೆ. ನನಗೆ ನಗಲಾಗುವುದಿಲ್ಲ. ಸ್ನಾನ ಮಾಡುವಾಗ, ಸಿಗ್ನಲ್ಲಿನಲ್ಲಿ ಸ್ಕೂಟರ್ ನಿಲ್ಲಿಸಿಕೊಂಡಾಗ ಆ ಏಳು ಖಳರನ್ನು ಒಬ್ಬೊಬ್ಬರನ್ನಾಗಿ ನಾನೇ ಹೊಡೆಸುತ್ತಿರುತ್ತೇನೆ. ಮಾಟಗಾತಿಯ ಕಥೆಯಲ್ಲಿ ಐದನೆಯವನವರೆಗೆ ಬಂದಿದ್ದೇನೆ.

"ಮುಂದಿನ ವಾರ ಎರಡು ಹೊಸದು ಬರ್ತಿದೆ" ಎಂದಳು ಮಗಳು. "ಒಂದು ಗ್ಯಾರಂಟಿ ಹಿಟ್."

"ಇನ್ನೊಂದು?" ಎಂದೆ.