ಅಪ್ಪನ ಗೀಸರ್ ಯಾಕೆ ಆರುತ್ತಿತ್ತು?

ಗ್ಯಾಸ್ ಗೀಸರ್ ಕೈಕೊಡೋದಕ್ಕೂ ಒಂದು ಮುಹೂರ್ತ ಇದೆ. ತಲೆಗೆ ಶಾಂಪೂ ಹಾಕಿ, ಕಣ್ಣು ಮುಚ್ಚಿಕೊಂಡು ಚೊಂಬಿಗೆ ತಡಕಾಡುವಾಗಲೇ ಅದು ಟಪ್ ಅಂತ ಆರುತ್ತೆ. ಡಿಸೆಂಬರ್ ತಿಂಗಳ ಬೆಳಗಿನ ಜಾವ ಮಲೆನಾಡಿನ ಬಾಗಿಲಲ್ಲಿರೋ ಊರಲ್ಲಿ ಹೀಗಾದರೆ ಯಾರ ಬಾಯಲ್ಲಿ ಏನು ಬರುತ್ತೋ ಅದೆಲ್ಲ ನಮ್ಮಪ್ಪನ ಬಾಯಲ್ಲೂ ಬರುತ್ತಿತ್ತಂತೆ. ಅಮ್ಮ ಫೋನಲ್ಲಿ ಅದನ್ನೆಲ್ಲ ಸೆನ್ಸಾರ್ ಮಾಡಿ ಹೇಳುತ್ತಿದ್ದರು.

ಶಿವಮೊಗ್ಗದ ಸವಳಂಗ ರಸ್ತೆಯಲ್ಲಿ ನವುಲೆ ಕಡೆ ಹೋಗುವಾಗ, ಎಂಜಿನಿಯರಿಂಗ್ ಕಾಲೇಜಿಗಿಂತ ಮುಂಚೆಯೇ ಒಂದು ಕ್ರಾಸಿನಲ್ಲಿ ಒಳಗೆ ತಿರುಗಿದರೆ ನಮ್ಮ ಮನೆ. ಅಲ್ಲಿ ಈಗ ಅಪ್ಪ ಅಮ್ಮ ಇಬ್ಬರೇ. ನಾನು ಬೆಂಗಳೂರಲ್ಲಿ. ಕರೆಂಟ್ ಬಿಲ್ಲು, ಸಿಲಿಂಡರ್ ಬುಕಿಂಗು, ಬಿಪಿ ಮಾತ್ರೆ, ಎಲ್ಲವನ್ನೂ ಮೊಬೈಲಿನಿಂದಲೇ ನಡೆಸೋ ತಲೆಮಾರು ನಮ್ಮದು. ಗೀಸರ್ ರಿಪೇರಿಯೂ ಅದೇ ಲಿಸ್ಟಿಗೆ ಸೇರಿಕೊಂಡಿತು.

ಈ ಯಂತ್ರದ ಒಳಗೆ ನಡೆಯೋದು ಸರಳ. ಕರೆಂಟ್ ಗೀಸರ್ ಥರ ನೀರು ಕೂಡಿಟ್ಟುಕೊಳ್ಳೋ ಟ್ಯಾಂಕ್ ಇದರಲ್ಲಿ ಇರಲ್ಲ. ನಲ್ಲಿ ತಿರುಗಿಸಿದ ಕೂಡಲೇ ನೀರಿನ ಒತ್ತಡ ಒಂದು ರಬ್ಬರ್ ಪರದೆಯನ್ನ ತಳ್ಳುತ್ತೆ, ಅದು ಸ್ವಿಚ್ ಒತ್ತುತ್ತೆ. ಎರಡು ದಪ್ಪ ಸೆಲ್ಲುಗಳ 3 ವೋಲ್ಟ್‌ನಿಂದ ಕಿಡಿ ಹಾರುತ್ತೆ, ಗ್ಯಾಸ್ ವಾಲ್ವ್ ತೆರೆಯುತ್ತೆ, ಬೆಂಕಿ ಹತ್ತುತ್ತೆ. ಹತ್ತಿದೆಯೋ ಇಲ್ಲವೋ ಅಂತ ನೋಡೋಕೆ ಬರ್ನರ್ ಪಕ್ಕದಲ್ಲೇ ಒಂದು ಲೋಹದ ಕಡ್ಡಿ ಕಾವಲಿಗಿರುತ್ತೆ. ಈ ಸಾಲಿನಲ್ಲಿ ಎಲ್ಲಿ ಎಡವಟ್ಟಾದರೂ ಗ್ಯಾಸ್ ಬಂದ್.

ಹಾಗಾಗಿ ಕೇಳಬೇಕಾದ ಮೊದಲ ಪ್ರಶ್ನೆ "ಯಾಕೆ ಆರುತ್ತೆ" ಅಂತಲ್ಲ, "ಯಾವಾಗ ಆರುತ್ತೆ" ಅಂತ. ಹತ್ತಿದ ನಾಲ್ಕೈದು ಸೆಕೆಂಡಿಗೇ ಆರಿದರೆ ಸೆಲ್ಲು ವೀಕು, ಇಲ್ಲಾ ಆ ಕಡ್ಡಿಗೆ ಮಸಿ ಹಿಡಿದಿದೆ. ಅಡುಗೆಮನೆ ನಲ್ಲಿ ಬಿಟ್ಟಾಗ ಆರಿದರೆ ನೀರಿನ ಒತ್ತಡ ಸಾಲುತ್ತಿಲ್ಲ. ನೀರು ಸುಡುವಷ್ಟು ಕಾದು ಆರಿದರೆ ಅತಿ ಬಿಸಿ ತಡೆಯೋ ಸೆನ್ಸರ್ ಕೆಲಸ ಮಾಡಿದೆ. ಸರಿಯಾಗಿ 20 ನಿಮಿಷಕ್ಕೆ ಆರಿದರೆ ಅದು ರೋಗವೇ ಅಲ್ಲ, ಅನೇಕ ಮಾಡೆಲ್‌ಗಳಲ್ಲಿ ಅಷ್ಟೇ ಹೊತ್ತಿಗೆ ಟೈಮರ್ ಇಟ್ಟಿರ್ತಾರೆ.

ಅಮ್ಮನಿಗೆ ಕೆಲಸ ಕೊಟ್ಟೆ. ಹಳೇ ಕ್ಯಾಲೆಂಡರ್ ಹಾಳೆಯ ಹಿಂದೆ ಒಂದು ವಾರ ಟೈಮ್ ಬರೆದಿಟ್ಟರು. ಅಷ್ಟರಲ್ಲೇ ಹೊಸ ಸೆಲ್ಲು ಹಾಕಿಸಿದ್ದಾಯ್ತು, ನೀರು ಒಳಬರೋ ಕಡೆಯ ಜಾಲರಿ ತೊಳೆಸಿದ್ದಾಯ್ತು. ಟ್ಯಾಂಕು ಗೀಸರ್‌ಗಿಂತ 10 ಮೀಟರ್ ಮೇಲಿದ್ದರೆ ಸುಮಾರು 1 ಬಾರ್ ಒತ್ತಡ ಸಿಗುತ್ತೆ. ನಮ್ಮನೇದು ಹೆಚ್ಚೆಂದರೆ 3 ಮೀಟರ್ ಮೇಲಿದೆ. ಜಾಲರಿಯಲ್ಲಿ ಚೂರು ಮರಳು ಕೂತರೂ ಸಾಕು, ತೊಂದರೆ ಶುರು. ತೊಳೆದ ಮೇಲೆ ಸೆಕೆಂಡುಗಳಲ್ಲಿ ಆರೋದು ನಿಂತಿತು. ಅಡುಗೆಮನೆಯ ಸಿಲಿಂಡರನ್ನ ತಂದು ಹಾಕಿಯೂ ನೋಡಿದರು. ಆದರೂ ಒಂದು ಕಾಯಿಲೆ ಮಾತ್ರ ಹಾಗೇ ಉಳಿಯಿತು: ಅಪ್ಪ ಬೆಳಿಗ್ಗೆ ಸ್ನಾನಕ್ಕೆ ಹೋದರೆ 11, 12, 13 ನಿಮಿಷಕ್ಕೆ ಆರುತ್ತಿತ್ತು. ಅಮ್ಮ ಮಧ್ಯಾಹ್ನ ಹೋದರೆ ಒಂದು ದಿನವೂ ಆರಿದ್ದಿಲ್ಲ.

"ಅದಕ್ಕೂ ನಿಮ್ಮಮ್ಮನ್ನ ಕಂಡ್ರೆ ಹೆದರಿಕೆ ಮಾರಾಯ" ಅಂದರು ಅಪ್ಪ.

ಈ ನಡುವೆ ರಿಪೇರಿಯವನೊಬ್ಬ ಬಂದು ಹೋಗಿದ್ದ. ಫೋನ್ ಸ್ಪೀಕರಿಗೆ ಹಾಕಿ ಮಾತಾಡಿಸಿದರು. "ಸಾರ್, ಮೇಲ್ಗಡೆ ಒಂದು ಸೆನ್ಸರ್ ಐತಲ್ಲ, ಅದೇ ಕಿರಿಕಿರಿ. ಎರಡೂ ವೈರ್ ಸೇರಿಸಿ ಟೇಪ್ ಸುತ್ತಿದ್ರೆ ಮುಗೀತು, ಇನ್ನು ಆಫ್ ಆಗೋ ಮಾತೇ ಇಲ್ಲ" ಅಂದ. ಖರ್ಚೂ ಕಮ್ಮಿ. ಅಪ್ಪನಿಗೆ ಐಡಿಯಾ ಬಹಳ ಹಿಡಿಸಿತ್ತು. ಒಂದು ದಿನ ತಡೀರಿ ಅಂದೆ.

ಅಮ್ಮನಿಗೆ ವೀಡಿಯೊ ಕಾಲ್ ಮಾಡಿ ಬಚ್ಚಲುಮನೆ ಪೂರ್ತಿ ತೋರಿಸೋಕೆ ಹೇಳಿದೆ. ಗೀಸರ್ ಒಳಗೇ, ಗೋಡೆ ಮೇಲೆ. ಅದರ ಎದುರಿಗೆ ವೆಂಟಿಲೇಟರ್. ವೆಂಟಿಲೇಟರಿನ ಗಾಜಿನ ಪಟ್ಟಿಗಳ ಮಧ್ಯೆ ನೀಟಾಗಿ ತುರುಕಿದ್ದ ರಟ್ಟು ಮತ್ತು ಪೇಪರು.

"ಇದೇನಮ್ಮಾ?"

"ಬೆಳಿಗ್ಗೆ ಥಂಡಿ ಗಾಳಿ ಹೊಡೆಯತ್ತೆ ಅಂತ ನಿಮ್ಮಪ್ಪ ಇಟ್ಟಿದ್ದು. ನಾನು ಸ್ನಾನಕ್ಕೆ ಹೋಗುವಾಗ ತೆಗೆದಿಡ್ತೀನಿ, ಹಬೆ ಆಗತ್ತೆ ಅಂತ." ಆಮೇಲೆ ಅಮ್ಮನೇ ಸೇರಿಸಿದರು: "ಅವರಿಗೆ ಸ್ನಾನ ಆದ್ಮೇಲೆ ಈಚೆಗೆ ತಲೆ ಸುತ್ತತ್ತೆ ಕಣೋ. ಬಿಪಿ ಇರಬೇಕು."

ನನ್ನ ಕೈಕಾಲು ತಣ್ಣಗಾದದ್ದು ಆಗ.

ಲೆಕ್ಕ ಹಾಕಿ ನೋಡಿ. ಒಂದು ಕಿಲೋ ಎಲ್‌ಪಿಜಿ ಪೂರ್ತಿ ಉರಿಯೋಕೆ ಸುಮಾರು 12 ಘನ ಮೀಟರ್ ಗಾಳಿ ಬೇಕು. ನಮ್ಮ ಬಚ್ಚಲುಮನೆ 5 ಅಡಿಗೆ 7 ಅಡಿ, ಎತ್ತರ 9 ಅಡಿ. ಅದರೊಳಗೆ ಇರೋದೇ ಸುಮಾರು 9 ಘನ ಮೀಟರ್ ಗಾಳಿ. ಬಾಗಿಲು, ವೆಂಟಿಲೇಟರ್ ಎರಡೂ ಮುಚ್ಚಿದರೆ ಗೀಸರೂ ಅಪ್ಪನೂ ಅದೇ ಗಾಳಿಯನ್ನ ಹಂಚಿಕೊಳ್ಳಬೇಕು. ಗೀಸರ್ ಗಂಟೆಗೆ ಹತ್ತಿರಹತ್ತಿರ ಒಂದು ಕಿಲೋ ಗ್ಯಾಸ್ ಸುಡುತ್ತೆ ಅಂದರೆ 12 ನಿಮಿಷಕ್ಕೆ ಕೋಣೆಯ ಕಾಲು ಭಾಗ ಗಾಳಿಯ ಆಮ್ಲಜನಕ ಖಾಲಿ. ಆಮ್ಲಜನಕ ಸಾಲದೆ ಅರೆಬರೆ ಉರಿದ ಗ್ಯಾಸ್‌ನಿಂದ ಹುಟ್ಟೋದು ಕಾರ್ಬನ್ ಮೊನಾಕ್ಸೈಡ್. ನಮ್ಮ ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಇದನ್ನ ಹಿಡಿದುಕೊಳ್ಳುತ್ತೆ. ಮೊದಲು ತಲೆನೋವು, ತಲೆಸುತ್ತು, ವಾಕರಿಕೆ. ಆಮೇಲೆ ಬಾಗಿಲ ಚಿಲಕ ತೆಗೆಯೋಕೂ ಶಕ್ತಿ ಇರಲ್ಲ. ಬಚ್ಚಲುಮನೆಯಲ್ಲಿ ಹೀಗೆ ಸತ್ತವರ ಸುದ್ದಿಯನ್ನ ಪೇಪರಿನಲ್ಲಿ ನೀವೂ ಓದಿರ್ತೀರಿ.

"ಗ್ಯಾಸ್ ವಾಸನೇನೇ ಬಂದಿಲ್ವಲ್ಲೋ" ಅಂತ ಅಪ್ಪನ ವಾದ. ಸಿಲಿಂಡರ್ ಗ್ಯಾಸಿಗೆ ಆ ವಾಸನೆ ಹುಟ್ಟಿನಿಂದ ಬಂದದ್ದಲ್ಲ, ಸೋರಿದರೆ ಗೊತ್ತಾಗಲಿ ಅಂತ ಮರ್ಕ್ಯಾಪ್ಟಾನ್ ಬೆರೆಸಿರೋದು. ಉರಿದ ಮೇಲೆ ಹುಟ್ಟೋ ವಿಷಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಅಜ್ಜಿ ಮನೆಯ ಹಂಡೆ ಒಲೆಯಲ್ಲೂ ಇದೇ ವಿಷ ಹುಟ್ಟುತ್ತಿತ್ತು. ಆದರೆ ಹೆಂಚಿನ ಸಂದಿಗಳಿಂದ ಗಾಳಿ ಆಡುತ್ತಿತ್ತು, ಅಡಿಕೆ ಸಿಪ್ಪೆಯ ಹೊಗೆಗೆ ಕಣ್ಣು ಉರಿದು ನಾವೇ ಆಚೆ ಓಡುತ್ತಿದ್ದೆವು. ಟೈಲ್ಸ್ ಹಾಕಿದ ಆರ್‌ಸಿಸಿ ಬಚ್ಚಲಲ್ಲಿ ಸಂದಿಯೂ ಇಲ್ಲ, ಹೊಗೆಯೂ ಕಾಣಲ್ಲ. ಗಾಳಿ ಕೆಟ್ಟಿದೆ ಅಂತ ಹೇಳೋಕೆ ಅಲ್ಲಿ ಇದ್ದದ್ದು ಆ ಒಂದು ಸೆನ್ಸರ್ ಮಾತ್ರ. ಕಿರಿಕಿರಿ ಅಂತ ನಾವು ಬಾಯಿಗೆ ಟೇಪ್ ಸುತ್ತೋಕೆ ಹೊರಟಿದ್ದು ಅದಕ್ಕೇ.

ಅವತ್ತಿನಿಂದಲೇ ಗೀಸರ್ ಬಂದ್. ಮೂರು ದಿನ ಒಲೆ ಮೇಲೆ ನೀರು ಕಾಯಿಸಿ ಬಕೆಟ್ಟಿಗೆ ಸುರಿದದ್ದಾಯ್ತು. ಡಾಕ್ಟರು ಬಿಪಿ ನೋಡಿ, ಮಾತ್ರೆ ಬದಲಿಸೋ ಅಗತ್ಯ ಇಲ್ಲ ಅಂದರು. ಶನಿವಾರ ನಾನು ಊರಿಗೆ ಹೋದೆ. ಪ್ಲಂಬರ್ ಕರೆಸಿ ಗೀಸರನ್ನ ಹಿತ್ತಿಲ ಕಡೆಯ ಹೊರಗೋಡೆಗೆ, ಮಳೆ ತಾಗದ ಹಾಗೆ ಶೀಟಿನ ಕೆಳಗೆ ಕೂರಿಸಿದೆವು. ಬಚ್ಚಲಿಗೆ ಈಗ ಬರೋದು ಬಿಸಿನೀರಿನ ಪೈಪ್ ಮಾತ್ರ. ಸೆನ್ಸರ್ ವೈರು ಹೇಗಿತ್ತೋ ಹಾಗೇ ಇದೆ. ಅವತ್ತಿನಿಂದ ಒಮ್ಮೆಯೂ ನಡುವೆ ಆರಿಲ್ಲ. ತಲೆಸುತ್ತಿನ ಸುದ್ದಿಯೂ ಇಲ್ಲ.

ಬಿಸಿನೀರು ಬರೋಕೆ ಮುಂಚೆ ಅರ್ಧ ಬಕೆಟ್ ತಣ್ಣೀರು ಬರತ್ತೆ ಅನ್ನೋದು ಅಪ್ಪನ ಹೊಸ ತಕರಾರು. ಆ ನೀರನ್ನ ಅಮ್ಮ ದಾಸವಾಳದ ಗಿಡಕ್ಕೆ ಹಾಕುತ್ತಾರೆ.

ನಿಮ್ಮ ಊರಿನ ಮನೆಯಲ್ಲೂ ಗ್ಯಾಸ್ ಗೀಸರ್ ಇದ್ದರೆ ಈ ಭಾನುವಾರದ ಕಾಲ್‌ನಲ್ಲಿ "ಊಟ ಆಯ್ತಾ" ಆದ ಮೇಲೆ ಮೂರು ವಿಷಯ ಕೇಳಿ. ಗೀಸರ್ ಇರೋದು ಬಚ್ಚಲಿನ ಒಳಗಾ ಹೊರಗಾ? ವೆಂಟಿಲೇಟರಿಗೆ ಏನಾದರೂ ತುರುಕಿದ್ದೀರಾ? ಸ್ನಾನ ಆದ ಮೇಲೆ ತಲೆ ಭಾರ ಅನಿಸುತ್ತಾ? ಒಳಗೆ ಇದೆ ಅಂದರೆ ಹೊರಗೆ ಹಾಕಿಸೋವರೆಗೂ ಬಕೆಟ್ ತುಂಬಿಸಿಕೊಂಡು, ಗೀಸರ್ ಆಫ್ ಮಾಡಿ, ಗಾಳಿ ಆಡೋಕೆ ಬಿಟ್ಟು ಆಮೇಲೆ ಬಾಗಿಲು ಹಾಕಿಕೊಳ್ಳಲಿ. "ಏನೂ ಆಗಲ್ಲ ಬಿಡೋ" ಅಂತ ಉತ್ತರ ಬಂದರೆ ವೀಡಿಯೊ ಕಾಲ್ ಮಾಡಿ.