ತೋಡು ಸರಿದ ಮೇಲೆ

ಕೊಡಗಿನವರು ಅಂದ ಕೂಡಲೇ ಹಾಸ್ಟೆಲ್‌ನಲ್ಲಿ ನಮ್ಮನ್ನ ಕೇಳೋದು ಎರಡೇ: ಮನೇಲಿ ಕೋವಿ ಇದೆಯಾ, ಪಂದಿಕರಿ ಯಾವಾಗ ತರ್ತೀರಾ. ಜಮ್ಮಾ ಜಮೀನಿನ ಬಗ್ಗೆ ಯಾರೂ ಕೇಳಲ್ಲ. (ಕೋವಿ ಲೈಸೆನ್ಸಿನ ವಿನಾಯಿತಿಗೂ ಜಮ್ಮಾಕ್ಕೂ ನಂಟಿದೆ, ಅದು ಇನ್ನೊಂದು ದಿನದ ಮಾತು.)

ಜಮ್ಮಾ ಅಂದರೆ ರಾಜರ ಕಾಲದಲ್ಲಿ ಸೈನಿಕ ಸೇವೆಗಾಗಿ ಸಿಕ್ಕಿ, ತಲೆಮಾರುಗಳಿಂದ ಬಂದ ಭೂಮಿ. ಗದ್ದೆ, ಅದಕ್ಕೆ ಸೇರಿದ ಬಾಣೆ. ಅದು ಒಬ್ಬರದ್ದಲ್ಲ, ಇಡೀ ಒಕ್ಕದ್ದು, ಅಂದರೆ ಒಂದೇ ಮನೆಹೆಸರಿನ ಎಲ್ಲರದ್ದು. ದಾಖಲೆಯಲ್ಲಿ ಇರೋದು ಪಟ್ಟೆದಾರ ಎಂಬ ಹಿರಿಯನ ಹೆಸರು. ಹಾಗಾಗಿ ಜಗಳ ಬಂದರೆ ದಾಯಾದಿಗಳ ನಡುವೆಯೇ.

ನಮ್ಮಲ್ಲೂ ಬಂತು. 2018ರ ಆಗಸ್ಟ್ ಮಳೆಗೆ ದೊಡ್ಡಪ್ಪ, ಚಿಕ್ಕಪ್ಪನ ಪಾಲುಗಳ ನಡುವಿನ ತೋಡು ದಿಕ್ಕು ಬದಲಿಸಿತು. ಸ್ವಲ್ಪ ಜಾಗ ಚಿಕ್ಕಪ್ಪನ ಕಡೆಗೆ ಬಿತ್ತು. "ತೋಡೇ ಗಡಿ" ಅಂತ ಒಬ್ಬರು, "ಹಳೇ ತೋಡು ಗಡಿ" ಅಂತ ಇನ್ನೊಬ್ಬರು. ಇಬ್ಬರೂ ವಕೀಲರನ್ನ ಕಂಡರು. ನಾಲ್ಕೈದು ಪುತ್ತರಿ ಹಬ್ಬಕ್ಕೆ ಒಂದು ಮನೆಯವರು ಐನ್‌ಮನೆಗೆ ಬರಲೇ ಇಲ್ಲ. ಕಸಿನ್ಸ್ ವಾಟ್ಸಾಪ್ ಗ್ರೂಪೂ ಸತ್ತಿತು.

ಕಳೆದ ರಜೆಯಲ್ಲಿ ಪಟ್ಟೆದಾರ ಅಜ್ಜ ಊರ ತಕ್ಕರನ್ನ ಕರೆದು ಎಲ್ಲರನ್ನೂ ಐನ್‌ಮನೆಯಲ್ಲಿ ಕೂರಿಸಿದರು. ಹಿಂದೆ ತಕ್ಕರಿಗೆ ದಂಡ, ಬಹಿಷ್ಕಾರ ಹಾಕೋ ಅಧಿಕಾರ ಇತ್ತು. ಈಗ ಕೋರ್ಟಿಗೆ ಹೋಗ್ತೀನಿ ಅಂದ್ರೆ ತಡೆಯೋರಿಲ್ಲ. ಉಳಿದಿರೋದು ನೆಲ್ಲಕ್ಕಿ ಬೊಳ್ಚ, ನಡುಮನೆಯ ತೂಗುದೀಪ. ಅದರ ಮುಂದೆ ಸುಳ್ಳು ಹೇಳೋ ಧೈರ್ಯ ನಮ್ಮಲ್ಲಿ ಯಾರಿಗೂ ಇಲ್ಲ.

ನಮ್ಮಲ್ಲಿ ಇಬ್ಬರು ಸಿವಿಲ್. ಟೋಟಲ್ ಸ್ಟೇಷನ್ ತರಿಸೋಣ ಅಂದ್ವಿ. "ಅಳೆಯೋದು ಆಮೇಲೆ, ಮೊದಲು ನಡೀರಿ" ಅಂದ್ರು ಅಜ್ಜ. ಜಿಗಣೆ ಕಚ್ಚಿಸಿಕೊಂಡು ಎಲ್ಲರೂ ಗಡಿಯುದ್ದಕ್ಕೂ ನಡೆದೆವು. ಈ ಹಲಸು ನೆಟ್ಟಿದ್ದು ಯಾರು, ಹಳೇ ಏರಿ ಎಲ್ಲಿತ್ತು, ಒಬ್ಬೊಬ್ಬರಾಗಿ ಹೇಳಬೇಕು. ವರ್ಷಗಟ್ಟಲೆ ಮಾತು ಬಿಟ್ಟವರು ದಾರಿಯಲ್ಲಿ ಒಬ್ಬರನ್ನೊಬ್ಬರು ತಿದ್ದುತ್ತಾ ಮಾತಾಡಿಬಿಟ್ಟರು.

ಹಳೇ ತೋಡೇ ಗಡಿ ಅಂತ ತೀರ್ಮಾನ ಆಯ್ತು. ಆದರೆ ಆ ಜಾಗದಲ್ಲಿ ಚಿಕ್ಕಪ್ಪನ ಮನೆಯವರು ಹಬ್ಬಿಸಿದ ಮೆಣಸು ಐದು ಕೊಯ್ಲು ಅವರಿಗೇ. ನೀರು ಇಬ್ಬರಿಗೂ. ಟೋಟಲ್ ಸ್ಟೇಷನ್ ಹೆಚ್ಚೆಂದರೆ ಮೊದಲನೇ ಸಾಲು ಹೇಳ್ತಿತ್ತು.

ಒಂದು ಮಾತ್ರ ನಮಗೆ, ಅದರಲ್ಲೂ ನಾವು ಹುಡುಗಿಯರಿಗೆ, ಸರಿಬರಲಿಲ್ಲ. ನಡುಮನೆಯಲ್ಲಿ ಕೂತವರೆಲ್ಲ ಗಂಡಸರು. ಎಷ್ಟು ಬಳ್ಳಿ ಅಂತ ತಕ್ಕರು ಕೇಳಿದಾಗ ಮುಖಮುಖ ನೋಡಿಕೊಂಡರು. ಚಿಕ್ಕಪ್ಪ ಇರೋದು ಬೆಂಗಳೂರಲ್ಲಿ. "ನಲವತ್ತೆರಡು" ಅಂತ ಅಡುಗೆಮನೆ ಬಾಗಿಲಿಂದ ಚಿಕ್ಕಮ್ಮ ಹೇಳಿದರು. ಆ ಬಳ್ಳಿ ನೆಟ್ಟವರೇ ಅವರು. ಪುಸ್ತಕದಲ್ಲಿ ನಲವತ್ತೆರಡು ಅಂತ ಬರೆದು ಚಿಕ್ಕಪ್ಪನ ಸಹಿ ಹಾಕಿಸಿದರು.

"ಅಜ್ಜ, ಚಿಕ್ಕಮ್ಮನ ಸಹಿ ಯಾಕಿಲ್ಲ?"

"ಪದ್ಧತಿ ಇಲ್ಲ ಮಕ್ಕಳೇ."

ಈ ಸಲದ ಪುತ್ತರಿಗೆ ಎರಡೂ ಮನೆಯವರು ಬಂದಿದ್ದರು. ಮುಂದೆ ಪುಸ್ತಕ ತೆಗೆದಾಗ ಅವರ ಸಹಿಗೂ ಜಾಗ ಬಿಡಿ ಅಂತ ಮತ್ತೆ ಕೇಳಿದೆವು. ಅಜ್ಜ ಆಗಲ್ಲ ಅನ್ನಲಿಲ್ಲ. ಹ್ಞೂಂ ಅಂತಲೂ ಅಂದಿಲ್ಲ.