ಜೋಗ ನೋಡಲು ಹೋದವಳು ಹಂಡೆ ತಿಕ್ಕಿದ್ದು

ಸಾಗರದ ಕಡೆ ಹೋಗಿ ಬಂದವರು ಜೋಗದ ಮಾತಾಡುತ್ತಾರೆ, ಇಕ್ಕೇರಿಯ ಅಘೋರೇಶ್ವರ ದೇವಸ್ಥಾನದ ಮಾತಾಡುತ್ತಾರೆ. ಬಚ್ಚಲುಮನೆಯ ಮಾತಾಡಿದವರನ್ನು ನಾನಂತೂ ಕಂಡಿಲ್ಲ. ಆದರೆ ನಾನು ಕಣ್ತುಂಬ ನೋಡಿ ಬಂದದ್ದು ಅದನ್ನೇ. ಬರೆಯುತ್ತೇನೆ, ಗೆಳತಿಯರು ನಗಬಾರದು.

2025ರ ದೀಪಾವಳಿಗೆ ನಾದಿನಿ ಕರೆದಿದ್ದಳು. ರಾಣೆಬೆನ್ನೂರಿನಿಂದ ಶಿಕಾರಿಪುರ, ಆನಂದಪುರ ಹಾದು ಸಾಗರ. ಅಲ್ಲಿಂದ ಆವಿನಹಳ್ಳಿ ದಾರಿ. ಅವಳ ಮನೆ ಇರುವುದು ಶರಾವತಿ ಹಿನ್ನೀರಿನ ಆಚೆ, ಕರೂರು ಹೋಬಳಿಯಲ್ಲಿ, ತುಮರಿಗೆ ಹತ್ತಿರ. ಹಿಂದೆಲ್ಲ ದಡದಲ್ಲಿ ಗಂಟು ಗದಡಿ ಇಟ್ಟುಕೊಂಡು ಲಾಂಚಿಗೆ ಕಾಯುತ್ತ ಕೂರಬೇಕಿತ್ತು. ಬಾಣಂತಿಯಾಗಲಿ, ಬೇನೆ ಬಿದ್ದವರಾಗಲಿ, ಲಾಂಚು ಬಂದಾಗಲೇ ದಾಟಬೇಕು. 2025ರ ಜುಲೈನಲ್ಲಿ ಅಂಬಾರಗೊಡ್ಲಿನಿಂದ ಕಳಸವಳ್ಳಿಗೆ ಸೇತುವೆ ಆಯಿತು, ಎರಡು ಕಿಲೋಮೀಟರಿಗೂ ಹೆಚ್ಚು ಉದ್ದ. ಈ ಸಲ ನಾನು ಚೀಲದಿಂದ ಅವಲಕ್ಕಿ ಡಬ್ಬಿ ತೆಗೆಯುವಷ್ಟರಲ್ಲಿ ಆಚೆ ದಡ ಬಂದೇ ಬಿಟ್ಟಿತು!

ಸೇತುವೆಯ ಕೆಳಗಿನ ನೀರು ಚೆಂದವೇ. ಆದರೆ ಅದರಡಿ ಊರುಗಳಿವೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆಗಿ ನೀರು ನಿಂತಾಗ ಮನೆ, ಗದ್ದೆ, ತೋಟ ಎಲ್ಲ ಮುಳುಗಿದವು. ಅದಕ್ಕೂ ಮೊದಲು ಮಡೆನೂರಿನಲ್ಲಿ ಕಟ್ಟಿದ್ದ ಹಳೆಯ ಅಣೆಕಟ್ಟೂ ನೀರೊಳಗೆ ಹೋಯಿತು. ಬೇಸಿಗೆಯಲ್ಲಿ ನೀರು ತೀರಾ ಇಳಿದ ವರ್ಷ ಅದು ಮೇಲೆ ಕಾಣುತ್ತದೆ, ಜನ ನೋಡಲು ಹೋಗುತ್ತಾರೆ. ನಾದಿನಿಯ ಅತ್ತೆ ಹೊಸ ಸೊಸೆಯಾಗಿ ಕಾಲಿಟ್ಟ ಮನೆಯೂ ಆ ನೀರಿನಲ್ಲಿದೆ. ಅವರಿಗೀಗ ಎಪ್ಪತ್ತೆಂಟು ವರ್ಷ, ಕಣ್ಣಿಗೆ ಪೊರೆ ಬಂದಿದೆ.

ನೀರು ತುಂಬುವ ಹಬ್ಬದ ಬೆಳಿಗ್ಗೆ. ಎಲ್ಲರೂ ಜೀಪಿನಲ್ಲಿ ಜೋಗಕ್ಕೆ ಹೋಗಿ ಸಂಜೆಯೊಳಗೆ ವಾಪಸಾಗುವುದು ಎಂದು ತೀರ್ಮಾನವಾಗಿತ್ತು. ಹುಡುಗರು ತಯಾರಾಗುವುದರೊಳಗೆ ಬಚ್ಚಲ ಹಂಡೆಯ ಬಾಯಿಯಷ್ಟು ಬೆಳಗಿ ಕೊಡೋಣ ಅಂತ ನಾನು ಸೆರಗು ಸಿಕ್ಕಿಸಿದೆ. “ವೈನಿ, ಬಿಡ್ರಿ. ಹಬ್ಬ ಆದಮೇಲೆ ಈ ಬಚ್ಚಲಾನೇ ಒಡಸ್ತೀವಿ. ಸೋಲಾರ್ ಕೂರಿಸ್ತಾರೆ. ಹಂಡೆ ಗುಜರಿಗೆ ಅಂತ ಮಾತಾಗೇತಿ, ತಾಮ್ರಕ್ಕೆ ಒಳ್ಳೆ ರೇಟ್ ಐತಿ” ಅಂದಳು ನಾದಿನಿ. ಮಾರುವ ಹಂಡೆಯಾದರೂ ಹಬ್ಬಕ್ಕೆ ಮಸಿ ಮುಖದಲ್ಲಿ ನಿಲ್ಲಬಾರದಲ್ಲ.

ಹುಳಿ ಹಚ್ಚಿ ಅಂಗೈಯಗಲ ತಿಕ್ಕಿದೆ. ಕೆಂಪಗೆ, ಹೊಸ ಮದುವಣಗಿತ್ತಿಯ ಕೆನ್ನೆಯ ಹಾಗೆ ತಾಮ್ರ ಹೊರಬಂತು. ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಒಂದು ಅಂಗೈ ಹೊಳೆದರೆ ಪಕ್ಕದ್ದು ಇನ್ನೂ ಕರ್ರಗೆ ಕಾಣುತ್ತದೆ, ಅದು ಎಲ್ಲ ಹೆಂಗಸರಿಗೂ ಗೊತ್ತಿದ್ದದ್ದೇ. ಪಕ್ಕದ್ದು ಮುಗಿಸಿದೆ, ಕುತ್ತಿಗೆ ಸುತ್ತ ಬಂದೆ. ಜೀಪು ಹಾರ್ನ್ ಹೊಡೆಯಿತು. “ನೀವು ನಡೀರಿ” ಅಂದುಬಿಟ್ಟೆ. ನಮ್ಮ ಮನೆಯವರು ಬಾಗಿಲಲ್ಲಿ ನಿಂತು ಒಂದು ಗಳಿಗೆ ನೋಡಿ, ಏನೂ ಹೇಳದೆ ಹೋದರು. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಅಷ್ಟು ತಿಳಿದುಕೊಂಡಿದ್ದಾರೆ.

ಬೆಳಗುವುದರಲ್ಲೂ ಒಂದು ಕ್ರಮವಿದೆ. ಬೂದಿ, ಹುಣಸೆಹಣ್ಣು ಎರಡನ್ನೂ ಕಲಸಿ ತಿಕ್ಕುವವರನ್ನು ನೋಡಿದ್ದೇನೆ, ಅದು ದಂಡ. ಬೂದಿ ಕ್ಷಾರ, ಹುಣಸೆ ಹುಳಿ, ಒಂದರ ಶಕ್ತಿಯನ್ನು ಇನ್ನೊಂದು ತಿಂದುಹಾಕುತ್ತದೆ. ಮೊದಲು ಜರಡಿ ಹಿಡಿದ ಬೂದಿಯನ್ನು ಒದ್ದೆ ತೆಂಗಿನ ನಾರಿಗೆ ಹಚ್ಚಿ ಜಿಡ್ಡು, ಮಸಿ ತೆಗೆದು ತೊಳೆಯಬೇಕು. ಆಮೇಲೆ ಹುಳಿ. ಸಾರಿಗೆ ಹಿಂಡಿ ಉಳಿದ ಹುಣಸೆಹಣ್ಣೇ ಸಾಕು, ಚಿಟಿಕೆ ಕಲ್ಲುಪ್ಪು ಸೇರಿಸಿ. ಅವರ ಹಿತ್ತಿಲಲ್ಲಿ ಬಿಂಬುಳಿ ಮರವಿತ್ತು. ಆ ಕಾಯಿ ಜಜ್ಜಿ ಹಚ್ಚಿದರೆ ಇನ್ನೂ ಬೇಗ ಆಗುತ್ತದೆ. ಹುಳಿಯನ್ನು ಹಾಗೇ ಒಣಗಲು ಬಿಡಬಾರದು, ಹಸಿರು ಕಿಲುಬು ಏಳುತ್ತದೆ, ಕಿಲುಬು ವಿಷ. ಚೆನ್ನಾಗಿ ತೊಳೆದು ಬಟ್ಟೆಯಲ್ಲಿ ಒರೆಸಿದರೆ ಹೊಳಪು ನಿಲ್ಲುತ್ತದೆ. ಇನ್ನು ಸೌದೆ ಒಲೆಗೆ ಇಡುವ ಪಾತ್ರೆಯ ತಳಕ್ಕೆ ಮೊದಲೇ ಮಣ್ಣು ಕಲಸಿ ತೆಳ್ಳಗೆ ಬಳಿದುಬಿಟ್ಟರೆ, ಮಸಿ ಮಣ್ಣಿನ ಜೊತೆಗೇ ಕಳಚುತ್ತದೆ.

ಹಂಡೆಯ ಒಳಗೆ ಬಗ್ಗಿದರೆ ಕೆಲಸವೇ ಇಲ್ಲ. ನಮ್ಮೂರ ಬೋರ್ ನೀರಾದರೆ ಎರಡು ವರ್ಷಕ್ಕೆ ಸುಣ್ಣದ ಹಕ್ಕಳೆ ಕಟ್ಟುತ್ತದೆ. ಅಲ್ಲಿನದು ಮಳೆನಾಡಿನ ಮೆದು ನೀರು. ಹೊಟ್ಟೆಕಿಚ್ಚಾಯಿತು.

ಹಂಡೆಯನ್ನು ಒಲೆಗೆ ಕೂರಿಸಿ ಮಣ್ಣು ಮೆತ್ತಿಬಿಟ್ಟಿರುತ್ತಾರಲ್ಲ, ಹಾಗಾಗಿ ಗೋಡೆ ಕಡೆಯ ಬೆನ್ನನ್ನು ಯಾರೂ ಮುಟ್ಟುವುದಿಲ್ಲ. ಪ್ರತಿ ಹಬ್ಬಕ್ಕೂ ಮುಂಭಾಗ ತೊಳೆದು, ಸುಣ್ಣ ಕೆಮ್ಮಣ್ಣಿನ ಪಟ್ಟೆ ಬರೆದು, ಕೊರಳಿಗೆ ಹಿಂಡಲೆ ಬಳ್ಳಿ ಸುತ್ತಿದರೆ ಮುಗಿಯಿತು. ನನಗೆ ಆ ಬೆನ್ನು ಬಿಡಲು ಮನಸ್ಸಾಗಲಿಲ್ಲ. ಊಟವಾದ ಮೇಲೆ ಹಳೇ ಟೂತ್‌ಬ್ರಷ್ ಹಿಡಿದು ಸಂದಿಗೆ ಕೈ ತೂರಿಸಿದೆ. ಮಸಿ ಬೆರಳ ದಪ್ಪ. ಅದರಡಿ ತರಿತರಿಯಾಗಿ ಏನೋ ಸಿಕ್ಕಿತು. ಚುಕ್ಕಿ ಚುಕ್ಕಿಯಾಗಿ ಕೊರೆದ ಅಕ್ಷರ! ಉಜ್ಜಿದರೆ ಸವೆದಾವು ಎಂದು ನಾರು ಬಿಟ್ಟು, ಬಟ್ಟೆಯಲ್ಲಿ ಹುಳಿನೀರು ಅದ್ದಿ ಅದ್ದಿ ಒತ್ತಿದೆ. ಒಬ್ಬ ಹೆಂಗಸಿನ ಹೆಸರು, ಪಕ್ಕದಲ್ಲಿ ಒಂದು ಊರಿನ ಹೆಸರು.

ಅತ್ತೆಯವರನ್ನು ಕೈ ಹಿಡಿದು ಕರೆತಂದೆ. ಅವರು ಓದಲಿಲ್ಲ, ಸಂದಿಯಲ್ಲಿ ಬೆರಳಾಡಿಸಿದರು. “ನಮ್ಮತ್ತೆ ಹೆಸರು ಕಣೇ ತಂಗಿ” ಅಂದರು. “ಆ ಮನೇಲಿ ಇದು ಮುಂದೇ ಇತ್ತು. ಇಲ್ಲಿ ಒಲೆ ಹಾಕುವಾಗ ತಿರುಗಿಸಿ ಕೂರಿಸಿಬಿಟ್ರು. ಅಕ್ಷರ ಇದ್ದದ್ದೇ ಮರೆತುಹೋಗಿತ್ತು.” ಆಮೇಲೆ ಬಚ್ಚಲ ಕಲ್ಲಿನ ಮೇಲೆ ಕೂತೇ ಹೇಳಿದರು. ಊರು ಬಿಡುವಾಗ ಗಾಡಿಯಲ್ಲಿ ಜಾಗ ಇರಲಿಲ್ಲವಂತೆ. ಬಾಗಿಲು, ತೊಲೆ ಕಿತ್ತು ಹೇರಿದ್ದರು. ಬರೀ ಹಂಡೆಗೆ ಜಾಗ ಯಾಕೆ ಎಂದು ಗಂಡಸರು ತಕರಾರು ತೆಗೆದರು. ಅವರತ್ತೆ ಬಿತ್ತನೆ ಭತ್ತವನ್ನೆಲ್ಲ ತಂದು ಹಂಡೆಗೆ ಸುರಿದು, ಬಾಯಿಗೆ ಗೋಣಿ ಕಟ್ಟಿದರಂತೆ. ಭತ್ತ ಬಿಟ್ಟು ಹೋಗಲು ಯಾರಿಗೆ ಧೈರ್ಯ? ಹೊಸ ಜಾಗದ ಮೊದಲ ಬಿತ್ತನೆ ಆ ಭತ್ತದ್ದೇ.

ಸಂಜೆ ಜೀಪು ಬಂತು. ನಾದಿನಿಯ ಯಜಮಾನರು ಮೊಬೈಲ್ ಟಾರ್ಚ್ ಹಿಡಿದು ಬೆನ್ನು ಬಗ್ಗಿಸಿ ಬಹಳ ಹೊತ್ತು ನೋಡಿದರು. ಅಜ್ಜಿಯ ಹೆಸರನ್ನು ಒಮ್ಮೆ ಬಾಯಿಬಿಟ್ಟು ಓದಿದರು. ರಾತ್ರಿ ಗುಜರಿಯವನ ಫೋನು ಬಂದಾಗ “ತಡಿ ಮಾರಾಯ, ಈಗ ಬೇಡ” ಅಂದದ್ದು ಅಡಿಗೆಮನೆಗೆ ಕೇಳಿಸಿತು. ಮುಂದೇನಾಗುತ್ತದೋ ಅವರ ಮನೆಯ ವಿಚಾರ, ನಾನು ಕೇಳಲಿಲ್ಲ.

ದೀಪ ಹಚ್ಚಿದ ಮೇಲೆ ಬಾವಿಗೆ ಪೂಜೆ ಮಾಡಿ ನಾನೂ ನಾದಿನಿಯೂ ನೀರು ಸೇದಿ ತುಂಬಿದೆವು. ಹದಿನಾಲ್ಕು ಕೊಡ ಹಿಡಿಯಿತು. ಅತ್ತೆಯವರು ಬಾಗಿಲಲ್ಲಿ ಕೂತು ಒಂದೊಂದೇ ಎಣಿಸಿದರು.